ಮೆರವಣಿಗೆ ಹೊರಡುವ ಮುನ್ನ: ಊರಿನ ಸಂಘಗಳಿಗೆ ಹಂತ ಹಂತವಾಗಿ

ಗಣೇಶ ವಿಸರ್ಜನೆ, ರಾಜ್ಯೋತ್ಸವ, ಕನಕ ಜಯಂತಿ, ಅಂಬೇಡ್ಕರ್ ಜಯಂತಿ, ಉರುಸ್, ಊರ ದೇವರ ಉತ್ಸವ. ನಮ್ಮ ಊರುಗಳಲ್ಲಿ ಮೆರವಣಿಗೆ ಇಲ್ಲದ ತಿಂಗಳೇ ಇಲ್ಲ. ಆದರೆ ಬಹಳ ಸಂಘಗಳು ವಾದ್ಯದವರಿಗೆ ಮುಂಗಡ ಕೊಟ್ಟು, ಕರಪತ್ರ ಹಂಚಿ, ಎಲ್ಲ ಮುಗಿದ ಮೇಲೆ ಹಿಂದಿನ ದಿನ ಸಂಜೆ ಪೊಲೀಸ್ ಠಾಣೆಗೆ ಹೋಗುತ್ತವೆ. ಆಗ ಪಿಎಸ್‌ಐ ಸಾಹೇಬರು ಹೌದು ಎನ್ನಲೂ ಆಗುವುದಿಲ್ಲ, ಬೇಡ ಎನ್ನಲೂ ಆಗುವುದಿಲ್ಲ. ಎಷ್ಟೋ ಜಗಳ ಹುಟ್ಟುವುದೇ ಆ ಗಡಿಬಿಡಿಯಲ್ಲಿ. ಮೊದಲ ಬಾರಿಗೆ ಈ ಜವಾಬ್ದಾರಿ ಹೊತ್ತ ಕಾರ್ಯದರ್ಶಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಉದಾಹರಣೆಗೆ ತಾಲ್ಲೂಕು ಕೇಂದ್ರವೊಂದರ ರಾಜ್ಯೋತ್ಸವ ಮೆರವಣಿಗೆಯನ್ನು ಇಟ್ಟುಕೊಳ್ಳೋಣ.

ಹಂತ 1: ನಿಮ್ಮ ಹಕ್ಕು ಎಲ್ಲಿಯವರೆಗೆ ಎಂದು ತಿಳಿಯಿರಿ

ಸಂವಿಧಾನದ 19(1)(ಬಿ) ವಿಧಿ ಆಯುಧಗಳಿಲ್ಲದೆ, ಶಾಂತಿಯುತವಾಗಿ ಸೇರುವ ಹಕ್ಕನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ. ಅದೇ ವಿಧಿಯ ಮೂರನೆಯ ಉಪವಿಧಿ ಸಾರ್ವಜನಿಕ ಸುವ್ಯವಸ್ಥೆಗಾಗಿ ನ್ಯಾಯವಾದ ನಿರ್ಬಂಧ ಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಇವೆರಡರ ನಡುವಿನ ಗೆರೆಯನ್ನು ಸುಪ್ರೀಂ ಕೋರ್ಟ್ 1972ರಲ್ಲಿ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಎಳೆಯಿತು. ಅಹಮದಾಬಾದಿನ ಬೀದಿಯಲ್ಲಿ ಸಭೆ ನಡೆಸಲು ಪೊಲೀಸ್ ಕಮಿಷನರ್ ಅನುಮತಿ ಕೊಟ್ಟಿರಲಿಲ್ಲ. ಬೀದಿಯಲ್ಲಿ ಸೇರುವುದನ್ನು ಸರ್ಕಾರ ನಿಯಂತ್ರಿಸಬಹುದು, ಆದರೆ ಯಾವ ಮಾನದಂಡವೂ ಇಲ್ಲದೆ ಅಧಿಕಾರಿಯ ಇಷ್ಟಕ್ಕೆ ಬಿಟ್ಟು ನಿರಾಕರಿಸುವ ನಿಯಮ ನಿಲ್ಲುವುದಿಲ್ಲ ಎಂದು ನ್ಯಾಯಾಲಯ ಹೇಳಿತು.

ನಮ್ಮ ರಾಜ್ಯದಲ್ಲಿ ಆ ನಿಯಂತ್ರಣಕ್ಕೆ ಆಧಾರ ಕರ್ನಾಟಕ ಪೊಲೀಸ್ ಕಾಯ್ದೆ, 1963. ಅದರ 31ನೇ ಕಲಮಿನ ಪ್ರಕಾರ ಮೆರವಣಿಗೆ ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ, ಯಾವ ಕ್ರಮದಲ್ಲಿ ಸಾಗಬೇಕು ಎಂದು ನಗರಗಳಲ್ಲಿ ಪೊಲೀಸ್ ಕಮಿಷನರ್, ಉಳಿದೆಡೆ ಜಿಲ್ಲಾ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ದಾರಿ, ಹೊತ್ತು, ಕ್ರಮ. ನಿಮ್ಮ ಅರ್ಜಿ ಉತ್ತರಿಸಬೇಕಾದದ್ದು ಈ ಮೂರಕ್ಕೇ.

ಹಂತ 2: ಉತ್ಸವವೋ ಪ್ರತಿಭಟನೆಯೋ?

ಬೆಂಗಳೂರಿನವರು ಇದನ್ನು ಮೊದಲೇ ತೀರ್ಮಾನಿಸಬೇಕು. ಪ್ರತಿಭಟನೆ, ಧರಣಿ, ಪ್ರತಿಭಟನಾ ಮೆರವಣಿಗೆಗಳಿಗೆಂದೇ ನಗರದಲ್ಲಿ 2021ರ ಪ್ರತ್ಯೇಕ ಆದೇಶವಿದೆ. ಅದರಂತೆ ಅವು ನಡೆಯಬೇಕಾದ ಜಾಗ ಫ್ರೀಡಂ ಪಾರ್ಕ್. ಊರಿಡೀ ಟ್ರಾಫಿಕ್ ನಿಲ್ಲಿಸುತ್ತಿದ್ದ ಮೆರವಣಿಗೆಗಳ ವಿಷಯವನ್ನು ಹೈಕೋರ್ಟ್ ತಾನಾಗಿ ಕೈಗೆತ್ತಿಕೊಂಡ ಹಿನ್ನೆಲೆ ಇದಕ್ಕಿದೆ. ಧಾರ್ಮಿಕ, ಸಾಂಸ್ಕೃತಿಕ ಮೆರವಣಿಗೆಯ ದಾರಿ ಬೇರೆ. ಚುನಾವಣೆ ಘೋಷಣೆಯಾಗಿದ್ದರೆ ರಾಜಕೀಯ ಪಕ್ಷಗಳ ಮೆರವಣಿಗೆಗೆ ಮಾದರಿ ನೀತಿ ಸಂಹಿತೆಯೂ ಅನ್ವಯಿಸುತ್ತದೆ. ಅರ್ಜಿಯಲ್ಲಿ ಉತ್ಸವ ಎಂದು ಬರೆದು ಬೀದಿಯಲ್ಲಿ ಧಿಕ್ಕಾರ ಕೂಗಿದರೆ ಮುಂದಿನ ವರ್ಷ ನಿಮ್ಮ ಮಾತನ್ನು ಠಾಣೆಯಲ್ಲಿ ಯಾರೂ ನಂಬುವುದಿಲ್ಲ.

ಹಂತ 3: ದಾರಿಯನ್ನು ನಡೆದು ನೋಡಿ, ನಕ್ಷೆ ಬರೆಯಿರಿ

ಇಡೀ ಕೆಲಸದ ಜೀವಾಳ ಇದೇ. ಒಳ್ಳೆಯ ದಾರಿನಕ್ಷೆ ಇರುವ ಅರ್ಜಿಯನ್ನು ನಿರಾಕರಿಸುವುದು ಅಧಿಕಾರಿಗೆ ಕಷ್ಟ. ನಕ್ಷೆ ಇಲ್ಲದ ಅರ್ಜಿಗೆ ಅನುಮತಿ ಕೊಡುವುದೂ ಅವರಿಗೆ ಅಷ್ಟೇ ಕಷ್ಟ.

ಮೆರವಣಿಗೆ ಯಾವ ಹೊತ್ತಿಗೆ ಹೊರಡುತ್ತದೋ ಅದೇ ಹೊತ್ತಿನಲ್ಲಿ ಇಬ್ಬರು ಮೂವರು ಆ ದಾರಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿ. ಬೆಳಗಿನ ಹತ್ತಕ್ಕೆ ಖಾಲಿ ಇರುವ ಬಸ್ ನಿಲ್ದಾಣದ ರಸ್ತೆ ಸಂಜೆ ಐದಕ್ಕೆ ಕಾಲಿಡಲೂ ಆಗದಂತೆ ತುಂಬಿರುತ್ತದೆ. ನಡೆಯುತ್ತಾ ಇವನ್ನು ಗುರುತು ಮಾಡಿಕೊಳ್ಳಿ: ಆಸ್ಪತ್ರೆ, ಶಾಲೆ, ನ್ಯಾಯಾಲಯ, ಎಲ್ಲ ಧರ್ಮಗಳ ಪ್ರಾರ್ಥನಾ ಸ್ಥಳಗಳು, ಸಂತೆ ಕೂರುವ ಜಾಗ, ಇಕ್ಕಟ್ಟಾದ ತಿರುವು, ತೆರೆದ ಚರಂಡಿ, ರೈಲ್ವೆ ಗೇಟು. ತಲೆ ಎತ್ತಿಯೂ ನೋಡಿ. ಜೋತುಬಿದ್ದ ವಿದ್ಯುತ್ ತಂತಿ ಎಲ್ಲೆಲ್ಲಿದೆ ಎಂದು ಬರೆದುಕೊಳ್ಳಿ. ಸ್ತಬ್ಧಚಿತ್ರದ ವಾಹನ, ಅದರ ಮೇಲಿನ ಕಮಾನು, ಕಮಾನಿನ ಮೇಲಿನ ಬಾವುಟ, ಎಲ್ಲ ಸೇರಿ ನೆಲದಿಂದ ಎಷ್ಟು ಎತ್ತರ ಎಂದು ಅಳೆದು ತಂತಿಯ ಎತ್ತರಕ್ಕೆ ಹೋಲಿಸಿ. ತಂತಿಯನ್ನು ಕೋಲಿನಿಂದ ಎತ್ತಿ ವಾಹನ ದಾಟಿಸುವ ಅಭ್ಯಾಸ ನಮ್ಮಲ್ಲಿ ಎಲ್ಲ ಕಡೆಯೂ ಇದೆ. ಅದನ್ನು ಇಂದೇ ಬಿಡಿ. ಕಬ್ಬಿಣದ ಬಾವುಟ ಕಂಬವೂ ಬೇಡ.

ಹೆದ್ದಾರಿಯನ್ನು ಆದಷ್ಟೂ ತಪ್ಪಿಸಿ. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯೊಳಗೆ ಲಾರಿ ನುಗ್ಗಿತು. ಸತ್ತವರಲ್ಲಿ ಹೆಚ್ಚಿನವರು ಯುವಕರು. ವಾಹನ ವೇಗವಾಗಿ ಬರುವ ರಸ್ತೆಗೆ ರಾತ್ರಿ ಹೊತ್ತು ಜನರನ್ನು ಇಳಿಸುವ ಯೋಚನೆ ಬಂದಾಗಲೆಲ್ಲ ಆ ಮನೆಗಳ ತಂದೆತಾಯಿಯರನ್ನು ನೆನೆಯಿರಿ. ಹೆದ್ದಾರಿ ದಾಟಲೇಬೇಕಾದರೆ ಎಲ್ಲಿ, ಎಷ್ಟು ಹೊತ್ತಿಗೆ ದಾಟುತ್ತೀರಿ ಎಂದು ನಕ್ಷೆಯಲ್ಲಿ ಬರೆದು, ಅಷ್ಟು ಹೊತ್ತು ಎರಡೂ ಬದಿ ವಾಹನ ತಡೆಯಲು ಸಿಬ್ಬಂದಿ ಬೇಕೆಂದು ಅರ್ಜಿಯಲ್ಲೇ ಕೇಳಿ.

ನಕ್ಷೆಗೆ ಕಲೆಗಾರ ಬೇಕಿಲ್ಲ. ಒಂದು ಬಿಳಿ ಹಾಳೆಯಲ್ಲಿ ರಸ್ತೆಗಳನ್ನು ಗೆರೆಯಾಗಿ ಎಳೆದು ಹೊರಡುವ ಜಾಗ, ಪ್ರತಿ ವೃತ್ತ ತಲುಪುವ ಅಂದಾಜು ಸಮಯ, ನಿಲ್ಲುವ ಜಾಗಗಳು, ಮುಕ್ತಾಯದ ಜಾಗ ಬರೆದರೆ ಸಾಕು. ಆಂಬುಲೆನ್ಸ್ ಬಂದರೆ ಯಾವ ಅಡ್ಡರಸ್ತೆಯಿಂದ ಬಿಡುತ್ತೀರಿ ಎಂಬುದನ್ನು ಬೇರೆ ಬಣ್ಣದಲ್ಲಿ ತೋರಿಸಿ.

ಹಂತ 4: ಅರ್ಜಿ ಬರೆಯಿರಿ

ಅರ್ಜಿ ಒಂದೂವರೆ ಪುಟ ದಾಟುವುದು ಬೇಡ. ಸಂಘದ ಹೆಸರು, ನೋಂದಣಿ ಸಂಖ್ಯೆ ಇದ್ದರೆ ಅದು, ಸಂಘಟಕರ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ. ದಿನಾಂಕ, ಹೊರಡುವ ಮತ್ತು ಮುಗಿಯುವ ಸಮಯ. ಎಷ್ಟು ಜನ, ಎಷ್ಟು ವಾಹನ, ವಾಹನಗಳ ನೋಂದಣಿ ಸಂಖ್ಯೆ, ಚಾಲಕರ ಲೈಸೆನ್ಸ್ ಪ್ರತಿ. ಯಾವ ಕಲಾತಂಡಗಳು, ಧ್ವನಿವರ್ಧಕ ಎಷ್ಟು. ಸ್ವಯಂಸೇವಕರ ಪಟ್ಟಿ. ಜೊತೆಗೆ ನಕ್ಷೆ.

ಜನರ ಸಂಖ್ಯೆಯನ್ನು ಸರಿಯಾಗಿ ಹೇಳಿ. ಬಂದೋಬಸ್ತ್ ಲೆಕ್ಕ ಹಾಕುವುದು ಅದರ ಮೇಲೆಯೇ. ಬೇಗ ಅನುಮತಿ ಸಿಗಲಿ ಎಂದು ಕಡಿಮೆ ತೋರಿಸುವವರಿದ್ದಾರೆ, ದೊಡ್ಡಸ್ತಿಕೆಗೆ ಹೆಚ್ಚು ತೋರಿಸುವವರೂ ಇದ್ದಾರೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಅಲ್ಲಿ ಸೇರಿದ್ದ ಜನಸಾಗರಕ್ಕೆ ಕ್ರಿಕೆಟ್ ತಂಡದ ವಿಜಯೋತ್ಸವದ ಕರೆ ತಲುಪಿದ್ದು ಅದೇ ದಿನ. ಎಷ್ಟು ಜನ ಬರುತ್ತಾರೆಂದು ಮೊದಲೇ ಕೂತು ಲೆಕ್ಕ ಹಾಕುವುದಕ್ಕೆ ಬೇಕಾದ ಸಮಯ ಯಾಕೆ ಅಷ್ಟು ಮುಖ್ಯ ಎಂಬುದಕ್ಕೆ ಅದಕ್ಕಿಂತ ನೋವಿನ ಸಾಕ್ಷಿ ಬೇಕಿಲ್ಲ.

ಹಂತ 5: ಎಲ್ಲಿ ಕೊಡಬೇಕು, ಯಾವಾಗ?

ಮೆರವಣಿಗೆ ಹೊರಡುವ ಜಾಗದ ಠಾಣೆಯಲ್ಲಿ ಕೊಡಿ. ದಾರಿ ಎರಡು ಠಾಣೆಗಳ ಸರಹದ್ದಿನಲ್ಲಿ ಹಾದರೆ ಇನ್ನೊಂದು ಠಾಣೆಗೂ ಪ್ರತಿ ಕೊಟ್ಟು, ಮೇಲಿನ ಅಧಿಕಾರಿಗೆ, ಅಂದರೆ ತಾಲ್ಲೂಕುಗಳಲ್ಲಿ ಡಿವೈಎಸ್‌ಪಿಗೆ, ಕಮಿಷನರೇಟ್ ಇರುವ ನಗರಗಳಲ್ಲಿ ಎಸಿಪಿಗೆ, ಇನ್ನೊಂದು ಪ್ರತಿ ಸಲ್ಲಿಸಿ. ಶಾಂತಿಯುತ ಸಭೆ, ಮೆರವಣಿಗೆಯ ಅನುಮತಿ ಮತ್ತು ಧ್ವನಿವರ್ಧಕದ ಪರವಾನಗಿ ಸಕಾಲ ಸೇವೆಗಳ ಪಟ್ಟಿಯಲ್ಲಿವೆ. ಹಾಗಾಗಿ ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಿರಿ.

ಎರಡು ವಾರ ಮುಂಚೆ ಕೊಡಿ ಎಂಬುದು ನನ್ನ ಸಲಹೆ. ಠಾಣೆಯಿಂದ ಸಂಚಾರ ಪೊಲೀಸರಿಗೆ, ಅಲ್ಲಿಂದ ಮೇಲಧಿಕಾರಿಗೆ ಹೋಗಿ ಕಡತ ಹಿಂದಿರುಗಲು ಅಷ್ಟು ಬೇಕಾಗುತ್ತದೆ. ದಾರಿ ಬದಲಿಸಿ ಎಂದರೆ ಬದಲಿಸಲು ನಿಮಗೂ ಸಮಯ ಉಳಿಯುತ್ತದೆ.

ಹಂತ 6: ಪುರಸಭೆ ಮತ್ತು ಉಳಿದ ಕಚೇರಿಗಳು

ರಸ್ತೆಯ ಮೇಲೆ ಪೆಂಡಾಲು, ಸ್ವಾಗತ ಕಮಾನು, ವೇದಿಕೆ ಹಾಕುವುದಾದರೆ ಪುರಸಭೆಯ ಮುಖ್ಯಾಧಿಕಾರಿ ಅಥವಾ ನಗರಸಭೆಯ ಪೌರಾಯುಕ್ತರ ಅನುಮತಿ ಬೇಕು. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಪಿಡಿಒ. ಡಾಂಬರು ಅಗೆದು ಕಂಬ ನೆಡಬೇಡಿ. ಮರಳು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿದರೆ ಕಂಬವೂ ಗಟ್ಟಿ, ರಸ್ತೆಯೂ ಉಳಿಯುತ್ತದೆ. ಫ್ಲೆಕ್ಸ್, ಬ್ಯಾನರುಗಳಿಗೆ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇದೆ. ಅನುಮತಿ ಇಲ್ಲದೆ ಕಟ್ಟಿದರೆ ಅಪರಾಧ.

ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಗೆ ನಕ್ಷೆಯ ಪ್ರತಿ ಕೊಟ್ಟು, ತಂತಿ ಜೋತುಬಿದ್ದ ಜಾಗ ತೋರಿಸಿ, ಮೆರವಣಿಗೆಯ ಹೊತ್ತಿಗೆ ಲೈನ್‌ಮನ್ ಜೊತೆಗಿರಲಿ ಎಂದು ಕೇಳಿ. ಬೆಂಗಳೂರಿನಲ್ಲಿ ಗಣೇಶೋತ್ಸವದ ಹೊತ್ತಿಗೆ ಪಾಲಿಕೆ, ಪೊಲೀಸ್, ಬೆಸ್ಕಾಂ, ಅಗ್ನಿಶಾಮಕ ಇಲಾಖೆಗಳನ್ನು ಒಂದೇ ಕಡೆ ಸೇರಿಸಿ ಏಕಗವಾಕ್ಷಿ ಕೇಂದ್ರ ತೆರೆಯುವ ಪದ್ಧತಿ ಇದೆ. ಇಂಥ ವ್ಯವಸ್ಥೆ ಪ್ರತಿ ತಾಲ್ಲೂಕಿಗೂ, ವರ್ಷವಿಡೀ ಬರಬೇಕು. ಕೂಲಿ ಬಿಟ್ಟು ನಾಲ್ಕು ಕಚೇರಿ ಸುತ್ತುವ ಹುಡುಗರನ್ನು ಕಂಡವರು ಯಾರೂ ಇದನ್ನು ಅತಿಯಾಸೆ ಎನ್ನಲಾರರು.

ಹಂತ 7: ಧ್ವನಿವರ್ಧಕ

ಇದಕ್ಕೆ ಬೇರೆಯೇ ಲಿಖಿತ ಅನುಮತಿ ಬೇಕು. ಮೆರವಣಿಗೆಗೆ ಒಪ್ಪಿಗೆ ಸಿಕ್ಕಿತು ಎಂದರೆ ಮೈಕಿಗೂ ಸಿಕ್ಕಿತು ಎಂದಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. ನಿಮ್ಮ ದಿನ ಆ ಪಟ್ಟಿಯಲ್ಲಿದೆಯೇ ಎಂದು ಮೊದಲೇ ವಿಚಾರಿಸಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನಷ್ಟು ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಘೋಷಣೆಯಾಗಿರಲಿ ಬಿಡಲಿ, ಆಸ್ಪತ್ರೆಯ ಮುಂದೆ ವಾದ್ಯ ನಿಲ್ಲಿಸಿ ದಾಟಿ. ಒಳಗೆ ಮಲಗಿರುವವರು ನಮ್ಮ ಊರಿನವರೇ.

ಮಿತಿ ಎಷ್ಟು? ಆ ಪ್ರದೇಶಕ್ಕೆ ನಿಗದಿಯಾದ ಮಟ್ಟಕ್ಕಿಂತ 10 ಡೆಸಿಬಲ್ ಹೆಚ್ಚು, ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ವಸತಿ ಪ್ರದೇಶದ ಹಗಲಿನ ಮಟ್ಟ 55, ಆದ್ದರಿಂದ 65 ದಾಟುವಂತಿಲ್ಲ. ಎದೆ ನಡುಗಿಸುವ ಡಿಜೆ ಸೆಟ್ಟಿಗೆ ಇಷ್ಟರಲ್ಲಿ ಜಾಗವಿಲ್ಲ. ಡೊಳ್ಳು, ವೀರಗಾಸೆ, ಪೂಜಾ ಕುಣಿತ, ಕಂಸಾಳೆ ಇರುವ ನಾಡಿನಲ್ಲಿ ಬಾಡಿಗೆ ಡಿಜೆಗೆ ಹಣ ಸುರಿಯುವುದು ನನಗಂತೂ ಸರಿಕಾಣುವುದಿಲ್ಲ. ಅದೇ ಹಣಕ್ಕೆ ಹತ್ತಾರು ಕಲಾವಿದರ ಮನೆಯ ಒಲೆ ಉರಿಯುತ್ತದೆ.

ಹಂತ 8: ಷರತ್ತು, ಮುಚ್ಚಳಿಕೆ, ಹಿಂಬರಹ

ಅನುಮತಿ ಪತ್ರದ ಜೊತೆ ಷರತ್ತುಗಳ ಪಟ್ಟಿ ಬರುತ್ತದೆ. ಸಂಘಟಕರಿಂದ ಮುಚ್ಚಳಿಕೆ ಬರೆಸಿಕೊಳ್ಳುವುದೂ ಉಂಟು. ಓದದೆ ಸಹಿ ಹಾಕಬೇಡಿ. ಸಹಿ ಮಾಡಿದವರ ಮೇಲೆ ಜವಾಬ್ದಾರಿ ಬೀಳುತ್ತದೆ. ಪಾಲಿಸಲಾಗದ ಷರತ್ತು ಕಂಡರೆ ಅಲ್ಲೇ ಕೂತು ಮಾತನಾಡಿ ಬದಲಿಸಿಕೊಳ್ಳಿ.

ಅನುಮತಿ ಇಲ್ಲ ಎಂದರೆ ಬಾಯಿಮಾತಿಗೆ ಒಪ್ಪಬೇಡಿ. ಕಾರಣ ಬರೆದ ಹಿಂಬರಹ ಕೇಳಿ. ಅದನ್ನು ಹಿಡಿದು ಎಸ್‌ಪಿ ಅಥವಾ ಕಮಿಷನರ್ ಬಳಿ ಹೋಗಬಹುದು, ಅಲ್ಲೂ ಆಗದಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಬೆಂಗಳೂರಿನ ಜೊತೆಗೆ ಧಾರವಾಡ, ಕಲಬುರಗಿಗಳಲ್ಲೂ ಪೀಠಗಳಿವೆ.

ಒಂದು ಎಚ್ಚರಿಕೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ ನಿಷೇಧಾಜ್ಞೆ ಜಾರಿಯಾದರೆ ಕೈಯಲ್ಲಿರುವ ಅನುಮತಿ ಉಪಯೋಗಕ್ಕೆ ಬಾರದಿರಬಹುದು. ಹಿಂದೆ ನಾವು 144 ಎನ್ನುತ್ತಿದ್ದದ್ದೇ ಇದು, 2024ರ ಜುಲೈ 1ರಿಂದ ಸಂಖ್ಯೆ ಬದಲಾಗಿದೆ. ಹಿಂದಿನ ದಿನ ಠಾಣೆಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಹಂತ 9: ಮೆರವಣಿಗೆಯ ದಿನ

ಅನುಮತಿ ಪತ್ರದ ಪ್ರತಿ ಮೂವರ ಕೈಯಲ್ಲಿರಲಿ. ಸ್ವಯಂಸೇವಕರಿಗೆ ಒಂದೇ ಬಣ್ಣದ ಶಾಲು ಕೊಡಿ. ಮುಂದೆ, ನಡುವೆ, ಹಿಂದೆ ಒಬ್ಬೊಬ್ಬ ಮುಖ್ಯಸ್ಥ. ರಸ್ತೆಯ ಒಂದು ಪಕ್ಕ ಬಿಟ್ಟು ಸಾಗಿ. ಟ್ರ್ಯಾಕ್ಟರ್ ಟ್ರೇಲರಿನ ಅಂಚಿನಲ್ಲಿ ಮಕ್ಕಳನ್ನು ಕೂರಿಸಬೇಡಿ. ಕುಡಿದವರನ್ನು ಮೊದಲ ವೃತ್ತದಲ್ಲೇ ಮನೆಗೆ ಕಳಿಸಿ. ಏನೇ ಆದರೂ 112ಕ್ಕೆ ಕರೆ ಮಾಡಿ. ಬರೆದ ಸಮಯಕ್ಕೆ ಮುಗಿಸಿ. ಕತ್ತಲಾದ ಮೇಲೆ ಹಿಗ್ಗುವ ಪ್ರತಿ ಗಂಟೆಗೂ ಪೊಲೀಸರ ಸಹನೆ, ಜನರ ಸಹನೆ ಎರಡೂ ಕಡಿಮೆಯಾಗುತ್ತವೆ.

ಹಂತ 10: ಮುಗಿದ ಮೇಲೆ

ಹೂವು, ಕಾಗದ, ನೀರಿನ ಬಾಟಲಿಗಳನ್ನು ಅಂದೇ ಎತ್ತಿಸಿ. ಮರುದಿನ ಬೆಳಗ್ಗೆ ಪೌರಕಾರ್ಮಿಕರು ಬಂದು ನಮ್ಮ ಸಂಭ್ರಮದ ಕಸ ಬಾಚುವಂತಾಗಬಾರದು. ಬ್ಯಾನರು, ಕಮಾನು ಬಿಚ್ಚಿ, ಪುರಸಭೆಗೆ ಠೇವಣಿ ಕಟ್ಟಿದ್ದರೆ ವಾಪಸ್ ಕೇಳಿ. ಮೆರವಣಿಗೆ ಶಾಂತವಾಗಿ ಮುಗಿಯಿತೆಂದು ಠಾಣೆಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ನಕ್ಷೆ, ಅರ್ಜಿ, ಅನುಮತಿ ಪತ್ರ, ಎಲ್ಲವನ್ನೂ ಒಂದು ಕಡತದಲ್ಲಿ ಹೊಲಿದು ಮುಂದಿನ ಕಾರ್ಯದರ್ಶಿಯ ಕೈಗೆ ಕೊಡಿ. ಮುಂದಿನ ವರ್ಷದ ಅರ್ಜಿಗೆ ಅದನ್ನು ಲಗತ್ತಿಸಲು ಅವರಿಗೆ ಹೇಳುವುದನ್ನು ಮರೆಯಬೇಡಿ.