ಈ ವಾರ ಚೆಂಡೆ ಯಾರದ್ದು, ಅತಿಥಿ ಯಾರು?

ಕಳೆದ ತಿಂಗಳು ನಮ್ಮ ಹಾಸ್ಟೆಲಿನ ವಾಟ್ಸಾಪ್ ಗ್ರೂಪಿನಲ್ಲಿ ಪುಣೆಯ ಹುಡುಗನೊಬ್ಬ ಒಂದು ಪ್ರಶ್ನೆ ಹಾಕಿದ. ಮಣಿಪಾಲದ ಸುತ್ತಮುತ್ತ ಪ್ರತಿ ವಾರ ಲೈವ್ ಜಾಝ್ ಎಲ್ಲಿ ನಡೆಯುತ್ತದೆ, ಒಳ್ಳೆ ಡ್ರಮ್ಮರ್ ಯಾರು, ಹೊರಗಿನಿಂದ ಗೆಸ್ಟ್ ಬರುತ್ತಾರಾ ಅಂತ. ಎಲ್ಲರೂ ನಗುವ ಇಮೋಜಿ ಕಳಿಸಿದರು. ನಾನೂ ಕಳಿಸಿದೆ.

ಆ ಶನಿವಾರ ಕಾಪುವಿನ ಮನೆಗೆ ಹೋಗಿದ್ದೆ. ಅಜ್ಜ ಪೇಪರನ್ನು ನನ್ನ ಕೈಗೆ ಕೊಟ್ಟು, "ಇವತ್ತು ಆಟ ಎಲ್ಲೆಲ್ಲಿ ಉಂಟು ಓದು" ಅಂದರು. (ಹೇಳಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ.) ಅಜ್ಜನಿಗೆ ಕಣ್ಣು ಸರಿ ಇಲ್ಲ. ನನಗೆ ಕಣ್ಣು ಸರಿ ಉಂಟು, ಆದರೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದರಿಂದ ಕನ್ನಡ ಓದುವ ಸ್ಪೀಡು ಅಷ್ಟಕ್ಕಷ್ಟೇ. ಮೇಳದ ಹೆಸರು, ಊರಿನ ಹೆಸರು, ಪ್ರಸಂಗದ ಹೆಸರು ಅಂತ ತಡವರಿಸುತ್ತಾ ಓದಿದೆ. ಅಜ್ಜ ಕಥೆ ಏನು ಅಂತ ಕೇಳಲೇ ಇಲ್ಲ, ಆ ಕಥೆಗಳೆಲ್ಲ ಅವರಿಗೆ ಬಾಯಿಪಾಠ. ಅವರು ಕೇಳಿದ್ದು ಇಷ್ಟೇ: "ಚೆಂಡೆ ಯಾರು? ಅತಿಥಿ ಯಾರಾದ್ರೂ ಬರ್ತಾರಂತಾ?"

ಪುಣೆಯವನ ಪ್ರಶ್ನೆಯೂ ಇದೇ ಅಲ್ವಾ!

ಹಾಗಾಗಿ ಈ ಲೇಖನ. ಪೇಪರಿನ ಆ ಪಟ್ಟಿಯನ್ನು ಓದುವುದು ಹೇಗೆ, ಹೋಗಿ ಕೂತ ಮೇಲೆ ಕಿವಿಯನ್ನು ಎಲ್ಲಿ ಇಡಬೇಕು ಅನ್ನುವುದರ ಪಾಠ. ನಾನು ಯಕ್ಷಗಾನದ ಪಂಡಿತ ಅಲ್ಲ. ಐದು ವರ್ಷ ಡ್ರಮ್ ಕಿಟ್ ಬಾರಿಸಿದವ, ಒಂದು ವರ್ಷದಿಂದ ಚೆಂಡೆ ಕೇಳಲು ಕಲಿಯುತ್ತಿರುವವ. ಬಾರಿಸಲು ಅಲ್ಲ, ಕೇಳಲು.

ಮೊದಲು ಕ್ಯಾಲೆಂಡರ್. ನಮ್ಮ ತಿರುಗಾಟದ ಮೇಳಗಳು ದೀಪಾವಳಿ ಕಳೆದ ಮೇಲೆ ಹೊರಟರೆ ಪತ್ತನಾಜೆಗೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನಕ್ಕೆ, ಹೆಚ್ಚುಕಮ್ಮಿ ಮೇ 24ಕ್ಕೆ, ಗೆಜ್ಜೆ ಬಿಚ್ಚುತ್ತವೆ. ಅಷ್ಟು ತಿಂಗಳು ಮೇಳದ ಚೆಂಡೆಯವರಿಗೆ ಹೆಚ್ಚುಕಡಿಮೆ ದಿನಾ ರಾತ್ರಿ ಕೆಲಸ, ದಿನಾ ಹೊಸ ಊರು. ಜಗತ್ತಿನ ಯಾವ ಜಾಝ್ ಕ್ಲಬ್ಬಿನ ಡ್ರಮ್ಮರ್ ಇಷ್ಟು ಬಾರಿಸುತ್ತಾನೋ ನನಗೆ ಅನುಮಾನ. ಮಳೆಗಾಲದಲ್ಲಿ ತಾಳಮದ್ದಳೆ, ಸಭಾಂಗಣದ ಆಟ, ಮನೆಮನೆಗೆ ಹೋಗುವ ಚಿಕ್ಕಮೇಳ. ಆಗ ಚೆಂಡೆಯವರ ವಾರ ನಮ್ಮ ಪುಣೆಯವ ಕೇಳಿದ ಹಾಗೆ ಇರುತ್ತದೆ: ಭಾನುವಾರ ಇಲ್ಲಿ, ಗುರುವಾರ ಅಲ್ಲಿ.

ಪಟ್ಟಿಯಲ್ಲಿ ಚೆಂಡೆಯವರ ಹೆಸರು ಇರುವುದಿಲ್ಲ, ಮೇಳ ಮತ್ತು ಊರು ಮಾತ್ರ. ಹೆಸರು ಬೇಕಾದರೆ ವಿಶೇಷ ಆಟಗಳ ಕರಪತ್ರ ನೋಡಬೇಕು. ಅದರಲ್ಲಿ ಭಾಗವತರು, ಮದ್ದಳೆ, ಚೆಂಡೆ ಅಂತ ಬೇರೆಬೇರೆ ಸಾಲು ಇರುತ್ತದೆ, ಅತಿಥಿ ಕಲಾವಿದರ ಹೆಸರು ದಪ್ಪ ಅಕ್ಷರದಲ್ಲಿ. ಇನ್ನೆರಡು ಪದ ಗೊತ್ತಿರಲಿ. ಎರಡು ಮೇಳ ಒಂದೇ ರಂಗಸ್ಥಳದಲ್ಲಿ ಸೇರಿ ಆಡಿದರೆ ಕೂಡಾಟ. ಅಕ್ಕಪಕ್ಕದ ರಂಗಸ್ಥಳದಲ್ಲಿ ಪೈಪೋಟಿಗೆ ಬಿದ್ದು ಆಡಿದರೆ ಜೋಡಾಟ. ಕರಪತ್ರದಲ್ಲಿ ಇವೆರಡರಲ್ಲಿ ಒಂದು ಪದ ಕಂಡರೆ ಅಸೈನ್‌ಮೆಂಟ್ ಮುಂದೆ ಹಾಕಿ ಹೋಗಿ.

ಮಣಿಪಾಲದಲ್ಲಿ ಇರುವ ನಮಗೆ ಒಂದು ಲಾಭ ಉಂಟು, ಹೆಚ್ಚಿನವರಿಗೆ ಗೊತ್ತೇ ಇಲ್ಲ. ಉಡುಪಿಯಿಂದ ಕುಂದಾಪುರದ ಕಡೆ ಹೋದರೆ ಬಡಗುತಿಟ್ಟು, ಕಾಪು ಕಾರ್ಕಳ ದಾಟಿ ತೆಂಕಕ್ಕೆ ಇಳಿದರೆ ತೆಂಕುತಿಟ್ಟು. ನಾವು ಗಡಿಯಲ್ಲಿ ಇದ್ದೇವೆ. ಬಡಗಿನವರು ಕೂತು, ಚೆಂಡೆಯನ್ನು ಓರೆಯಾಗಿಟ್ಟು ಬಾರಿಸುತ್ತಾರೆ. ತೆಂಕಿನವರು ಹೆಗಲಿಗೆ ಹಾಕಿ ನಿಂತೇ ಬಾರಿಸುತ್ತಾರೆ. ವೇಷಧಾರಿ ಧೀಂಗಿಣ ಹೊಡೆಯುವಾಗ ಆ ನಿಂತ ಮನುಷ್ಯನ ಇಡೀ ಮೈ ಒಟ್ಟಿಗೆ ಕುಣಿಯುವುದನ್ನು ನೋಡಬೇಕು. ಒಂದೇ ಬಸ್ ಸ್ಟ್ಯಾಂಡಿನಿಂದ ಎರಡು ಡ್ರಮ್ ಪರಂಪರೆಗೆ ಬಸ್ಸು!

ಇನ್ನು ಮುಖ್ಯ ವಿಷಯ. ಅತಿಥಿ ಬಂದು ರಿಹರ್ಸಲ್ ಇಲ್ಲದೆ ಹೇಗೆ ಬಾರಿಸುತ್ತಾನೆ?

ಜಾಝ್‌ನಲ್ಲಿ ಇದಕ್ಕೆ ಉತ್ತರ ಎಲ್ಲರಿಗೂ ಗೊತ್ತಿರುವ ಅಚ್ಚು. ಬ್ಲೂಸ್ ಅಂದರೆ 12 ಬಾರ್, ಬಾರಿಗೆ 4 ಪೆಟ್ಟು, 48 ಪೆಟ್ಟಿಗೆ ಒಂದು ಸುತ್ತು. ಹೊಸಬ ವೇದಿಕೆ ಹತ್ತಿದರೂ ಸುತ್ತು ಎಲ್ಲಿ ಮುಗಿಯುತ್ತದೆ ಅಂತ ಅವನಿಗೆ ಗೊತ್ತು. ಯಕ್ಷಗಾನದಲ್ಲಿ ಆ ಅಚ್ಚು ತಾಳ. ಏಕ 4, ರೂಪಕ 6, ತ್ರಿವುಡೆ 7, ಝಂಪೆ 10, ಅಷ್ಟ 14 ಅಕ್ಷರ. ಪದ ಶುರುವಾದ ತಕ್ಷಣ ತಾಳ ಯಾವುದು ಅಂತ ಹಿಮ್ಮೇಳದಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಪದಕ್ಕೆ ಬಿಡ್ತಿಗೆ ಉಂಟು, ಕೊನೆಗೆ ಮುಕ್ತಾಯ ಉಂಟು. ಮುಕ್ತಾಯ ಬಂದಾಗ ಕಾಸರಗೋಡಿನ ಅತಿಥಿಯೂ ಕಾರ್ಕಳದ ಮನೆಯವನೂ ಒಂದೇ ಪೆಟ್ಟಿಗೆ ನಿಲ್ಲುತ್ತಾರೆ.

ಆದರೆ ಒಂದು ವ್ಯತ್ಯಾಸ ನೆನಪಿಡಿ. ಜಾಝ್‌ನಲ್ಲಿ ಡ್ರಮ್ಮರ್‌ಗೆ ಸೋಲೋ ಸಿಗುತ್ತದೆ, ನಾಲ್ಕು ಬಾರ್ ಅವನು, ನಾಲ್ಕು ಬಾರ್ ಇನ್ನೊಬ್ಬ ಅಂತ ಹಂಚಿಕೊಳ್ಳುತ್ತಾರೆ. ಇಲ್ಲಿ ಭಾಗವತರೇ ಯಜಮಾನ. ಮದ್ದಳೆ ಅವರ ಪದದ ಬೆನ್ನಿಗೇ ಇರುತ್ತದೆ. ಚೆಂಡೆ ಪ್ರವೇಶಕ್ಕೆ, ಯುದ್ಧಕ್ಕೆ, ಸಿಟ್ಟಿಗೆ ಏಳುತ್ತದೆ. ಕರುಣ ರಸದ ಪದ ಬಂದರೆ ಕೋಲು ತೊಡೆಯ ಮೇಲೆ. ಒಳ್ಳೆ ಚೆಂಡೆಯವರನ್ನು ಗುರುತಿಸಬೇಕಾದರೆ ಅವರು ಬಾರಿಸದೆ ಕೂತಾಗ ನೋಡು ಅಂತಾರೆ ಅಜ್ಜ. ನನಗೆ ಇದು ಅರ್ಥ ಆಗಲು ಒಂದು ವರ್ಷ ಹಿಡಿಯಿತು, ಅದರ ಕಥೆ ಆಮೇಲೆ.

ಈಗ ಸ್ವಲ್ಪ ಎಂಜಿನಿಯರಿಂಗ್, ಇಲ್ಲದಿದ್ದರೆ ಸಂಪಾದಕರು ಬೈತಾರೆ. ದುಂಡನೆಯ ಪೊರೆಯನ್ನು ಬಿಗಿದು ಹೊಡೆದರೆ ಬರುವ ಆವರ್ತನಗಳು 1, 1.59, 2.14, 2.30 ಅನುಪಾತದಲ್ಲಿ ಇರುತ್ತವೆ. 1, 2, 3 ಅಂತ ಪೂರ್ಣಾಂಕ ಇಲ್ಲ, ಅದಕ್ಕೇ ನನ್ನ ಟಾಮ್ ಡ್ರಮ್ಮಿಗೆ ಖಚಿತವಾದ ಸ್ವರ ಇಲ್ಲ. ಮದ್ದಳೆಯ ಬಲಬದಿಯ ನಡುವೆ ಕಪ್ಪು ಕರ್ಣ ಹಾಕಿರುತ್ತಾರೆ. ನಡುವೆ ತೂಕ ಬಿದ್ದಾಗ ಆ ಅನುಪಾತಗಳು ಸರಿದು ಪೂರ್ಣಾಂಕದ ಹತ್ತಿರ ಬರುತ್ತವೆ, ಡ್ರಮ್ಮು ಹಾಡಲು ಶುರುಮಾಡುತ್ತದೆ. ಮೃದಂಗ, ತಬಲಾಗಳ ವಿಷಯದಲ್ಲಿ ಇದನ್ನು ತೋರಿಸಿದವರು ಸಿ.ವಿ. ರಾಮನ್, 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ. ನೊಬೆಲ್ ಬಂದದ್ದು ಅದಾಗಿ ಹತ್ತು ವರ್ಷಕ್ಕೆ.

ಇದಕ್ಕೂ ಅತಿಥಿಗೂ ಎಂತ ಸಂಬಂಧ? ಒಬ್ಬ ಭಾಗವತರ ಶ್ರುತಿ ಕಪ್ಪು ಎರಡು, ಅತಿಥಿಯಾಗಿ ಬಂದವರದ್ದು ಬಿಳಿ ಐದು ಅಂತ ಇಟ್ಟುಕೊಳ್ಳಿ (ಹಾರ್ಮೋನಿಯಂ ಮನೆಗಳ ಲೆಕ್ಕ). ಸ್ವರವೇ ಇಲ್ಲದ ಡ್ರಮ್ಮಾದರೆ ತೊಂದರೆ ಇಲ್ಲ. ಮದ್ದಳೆ ಹಾಡುತ್ತದಲ್ಲ, ಹಾಗಾಗಿ ಅದು ಹೊಸಬರ ಶ್ರುತಿಗೆ ಬರಲೇಬೇಕು. ಅದಕ್ಕೇ ಮದ್ದಳೆಗಾರರು ಎರಡು ಮೂರು ಮದ್ದಳೆ ಪಕ್ಕದಲ್ಲಿ ಇಟ್ಟುಕೊಂಡಿರುತ್ತಾರೆ. ಭಾಗವತರು ಬದಲಾಗುವ ಆ ಅರ್ಧ ನಿಮಿಷ ಹೆಚ್ಚಿನವರು ಚುರುಮುರಿ ತರಲು ಏಳುತ್ತಾರೆ. ನೀವು ಏಳಬೇಡಿ. ಮನೆಯ ಮದ್ದಳೆಗಾರ ತನ್ನ ವಾದ್ಯ ಬದಿಗಿಟ್ಟು ಬೇರೆಯದನ್ನು ಎತ್ತಿ, ಕಿವಿ ಹತ್ತಿರ ಇಟ್ಟು, ಸಣ್ಣಗೆ ತಟ್ಟಿ ನೋಡುವುದು ಆಗಲೇ.

ಮದ್ದಳೆಯ ಮಾತು ಬಂದ ಮೇಲೆ ಹಿರಿಯಡಕ ಗೋಪಾಲ ರಾಯರನ್ನು ಬಿಡುವ ಹಾಗಿಲ್ಲ. ಹಿರಿಯಡ್ಕ ಎಲ್ಲಿ ಅಂದರೆ, ಮಣಿಪಾಲದಿಂದ ಕಾರ್ಕಳ ಬಸ್ಸು ಹತ್ತಿದರೆ ಪರ್ಕಳ, ಆತ್ರಾಡಿ ಕಳೆದು ಸಿಗುತ್ತದೆ. 1919ರಲ್ಲಿ ಹುಟ್ಟಿದ ಅವರು ನೂರು ದಾಟಿ 2020ರಲ್ಲಿ ತೀರಿಕೊಂಡರು. ಬಡಗಿನಲ್ಲಿ ಏರು ಶ್ರುತಿಯ 'ಏರುಮದ್ದಳೆ'ಯನ್ನು ತಂದವರು ಅಂತ ಅವರ ಹೆಸರು. ಅಮೆರಿಕದಿಂದ ಯಕ್ಷಗಾನ ಕಲಿಯಲು ಬಂದ ಮಾರ್ಥಾ ಆಷ್ಟನ್‌ಗೆ ಗುರುವಾದವರೂ ಇವರೇ. ಆಕೆ ಕಲಿತು, ವೇಷ ಕಟ್ಟಿ, 1977ರಲ್ಲಿ ಬ್ರೂಸ್ ಕ್ರಿಸ್ಟಿ ಜೊತೆ ಇಂಗ್ಲಿಷಿನಲ್ಲಿ ಯಕ್ಷಗಾನದ ಮೇಲೆ ಪುಸ್ತಕ ತಂದರು. ನಮ್ಮ ಕ್ಯಾಂಪಸ್ಸಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದವರ ಹೆಸರನ್ನು ನಾನು ಮೊದಲು ಓದಿದ್ದು ಇಂಗ್ಲಿಷಿನಲ್ಲೇ. ನಾಚಿಕೆ ಆಯಿತು, ಇರಲಿ.

ಹಾಗಾದರೆ ಸ್ಯಾಕ್ಸೋಫೋನ್? ಅದೂ ನಮ್ಮಲ್ಲಿ ಅತಿಥಿಯಾಗಿ ಬಂದು ಮನೆಯವನೇ ಆಗಿಬಿಟ್ಟಿದೆ. ಕಾಪುವಿನಲ್ಲಿ ನಮ್ಮ ಮನೆ ಸುತ್ತ ಮದುವೆ, ಜಾತ್ರೆ, ಕೋಲ ಯಾವುದೇ ಇರಲಿ, ಸ್ಯಾಕ್ಸೋಫೋನ್ ಕೇಳದ ವಾರ ಕಡಿಮೆ. ಕೋಟದ ಶಿವರಾಮ ಕಾರಂತರು ಯಕ್ಷಗಾನದಿಂದ ಮಾತು ತೆಗೆದು ಬ್ಯಾಲೆ ಮಾಡಿದಾಗ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿದರು. ಹಲವರಿಗೆ ಸಿಟ್ಟು ಬಂತು. ಬಂಟ್ವಾಳ ತಾಲೂಕಿನಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿದರು. 2008ರಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ 'ಕಿನ್ಸ್‌ಮೆನ್' ಅನ್ನುವ ಆಲ್ಬಮ್ ಬಂತು. ಅದರಲ್ಲಿ ಪೂವಲೂರ್ ಶ್ರೀಜಿ ಅವರ ಮೃದಂಗವೂ ಉಂಟು, ರಾಯಲ್ ಹಾರ್ಟಿಗನ್ ಅವರ ಡ್ರಮ್ ಕಿಟ್ಟೂ ಉಂಟು. ಹೆಡ್‌ಫೋನ್ ಹಾಕಿ ಅವರಿಬ್ಬರನ್ನು ಮಾತ್ರ ಕೇಳಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಎಷ್ಟು ಜಾಗ ಬಿಡುತ್ತಾರೆ ಅಂತ.

ಈಗ ನನ್ನ ಕಥೆ. ಹೋದ ವರ್ಷ ಒಂದು ಫೆಸ್ಟಿಗೆ ನಾವು ನಾಲ್ವರು ಬ್ಯಾಂಡಿನವರು 'ಫ್ಯೂಷನ್' ಮಾಡುವ ಅಂತ ಹೊರಟು, ಕಾರ್ಕಳ ಕಡೆಯ ಒಬ್ಬ ಚೆಂಡೆಯವರನ್ನು ಅತಿಥಿಯಾಗಿ ಕರೆದೆವು. ಹಿಂದಿನ ರಾತ್ರಿ ಇಡೀ ಆಟ ಮುಗಿಸಿ, ಎರಡು ಗಂಟೆ ಮಲಗಿ ಬಂದಿದ್ದರು. ರಿಹರ್ಸಲ್‌ನಲ್ಲಿ ನಮ್ಮ ಹಾಡು ಪೂರ್ತಿ ಕೇಳಿ, "ನಿಮ್ಮ ಮುಕ್ತಾಯ ಎಲ್ಲಿ ಮಾರಾಯ್ರೆ?" ಅಂದರು. ಗಿಟಾರಿನವ ತಲೆ ಆಡಿಸಿದಾಗ ನಿಲ್ಲಿಸುತ್ತೇವೆ ಅಂದೆ. ನಕ್ಕರು. ಆಮೇಲೆ ಬಾಯಿತಾಳ ಹೇಳುತ್ತಾ ತ್ರಿವುಡೆ ಹಿಡಿದರು. ನಾನು ಏಳು ತಾನೆ ಅಂತ 4+3 ಎಣಿಸಿ ಬಾರಿಸಿದೆ. ಅವರದ್ದು 3+4. ಸುತ್ತಿನ ಕೊನೆಗೆ ಇಬ್ಬರೂ ಸರಿಯಾಗಿ ಸೇರುತ್ತಿದ್ದೆವು, ನಾನು ಗೆದ್ದೆ ಅಂದುಕೊಂಡೆ. ಅವರು ಹೇಳಿದ್ದು, "ಮನೆಗೆ ಇಬ್ಬರೂ ಒಟ್ಟಿಗೇ ಮುಟ್ಟಿದೆವು ಅಣ್ಣ, ದಾರಿಯಲ್ಲಿ ಮಾತ್ರ ಒಮ್ಮೆಯೂ ಸಿಗಲಿಲ್ಲ."

ವೇದಿಕೆಯಲ್ಲಿ ಇನ್ನೂ ಕೆಟ್ಟಿತು. ನನ್ನ ಕಿಟ್ಟಿಗೆ ಐದು ಮೈಕ್, ಅವರ ಚೆಂಡೆಗೆ ಒಂದು, ಅದೂ ದೂರದಲ್ಲಿ. ಜನ ಕೂಗಿದ ಹಾಗೆ ನನಗೆ ಹುಮ್ಮಸ್ಸು ಏರಿತು, ಕೈ ನಿಲ್ಲಲೇ ಇಲ್ಲ. ಅವರು ಎರಡು ಸಲ ಕೋಲು ಎತ್ತಿ, ಜಾಗ ಸಿಗದೆ ಇಳಿಸಿದ್ದನ್ನು ನಾನು ನೋಡಿದ್ದು ಮರುದಿನ ವಿಡಿಯೋದಲ್ಲಿ. ಆಗ ನನ್ನ ಗಮನಕ್ಕೇ ಬಂದಿರಲಿಲ್ಲ. ಮುಗಿದ ಮೇಲೆ ಅವರು ಚೆಂಡೆಗೆ ಬಟ್ಟೆ ಸುತ್ತಿ, "ರಾತ್ರಿ ಆಟ ಉಂಟು, ಬರ್ತೇನೆ" ಅಂತ ಹೊರಟರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಎರಡು ವಾರ ಬಿಟ್ಟು ಅವರು ಒಂದು ಕೂಡಾಟಕ್ಕೆ ಅತಿಥಿಯಾಗಿ ಹೋಗುವುದು ಗೊತ್ತಾಯಿತು. ಹೋಗಿ ಹಿಮ್ಮೇಳ ಚೆನ್ನಾಗಿ ಕಾಣುವ ಹಾಗೆ ಒಂದು ಬದಿಯಲ್ಲಿ ಕೂತೆ. ಅವರು ಬಂದು ನಿಂತ ಕೂಡಲೇ ಮನೆಯ ಚೆಂಡೆಯವ, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವ ಅಷ್ಟೆ, ಅರ್ಧ ಹೆಜ್ಜೆ ಹಿಂದೆ ಸರಿದು ಮೈಕನ್ನು ಅವರ ಕಡೆ ತಿರುಗಿಸಿದ. ಮೊದಲ ಪದ ಪೂರ್ತಿ ಕೇಳುತ್ತಾ ನಿಂತ. ಎರಡನೆಯದರಲ್ಲಿ ಬಿಡ್ತಿಗೆಗೆ ಮಾತ್ರ ಸೇರಿಕೊಂಡ. ಯುದ್ಧದ ಪದಕ್ಕೆ ಬರುವಾಗ ಇಬ್ಬರ ನಾಲ್ಕು ಕೋಲು ಒಂದೇ ಯಂತ್ರದ ಹಾಗೆ. ಮುಕ್ತಾಯ ಬಿತ್ತು, ನಿಂತಿತು. ನನ್ನ ಪಕ್ಕದಲ್ಲಿ ಮಲಗಿದ್ದ ಮಗು ಎದ್ದದ್ದು ಆ ಮೌನಕ್ಕೆ, ಸದ್ದಿಗೆ ಅಲ್ಲ.

ಬೆಳಿಗ್ಗೆ ಹೋಗಿ ಮಾತಾಡಿಸಿದೆ. ಫೆಸ್ಟಿನದ್ದು ನನ್ನ ತಪ್ಪು ಅಂದೆ. "ಅದು ಬಿಡಿ, ತ್ರಿವುಡೆ ಈಗ ಹೇಗೆ ಎಣಿಸ್ತೀರಿ?" ಅಂತ ಕೇಳಿದರು. ತೊಡೆ ಮೇಲೆ ತಟ್ಟಿ ತೋರಿಸಿದೆ. ನೋಡಿ, ಚಾ ಕುಡಿಯುವ ಅಂದರು.

ನೀವು ಹೋಗುವುದಾದರೆ ಕೆಲವು ಮಾತು. ರಂಗಸ್ಥಳದ ಎದುರು ನಡುವೆ ಕೂರಬೇಡಿ, ವೇಷಗಳು ಅಡ್ಡ ಬಂದು ಭಾಗವತರ ಕೈ ಕಾಣುವುದಿಲ್ಲ. ಕೈ ಕಂಡರೆ ತಾಳ ಅರ್ಧ ಸಿಕ್ಕಿದ ಹಾಗೆ. ಮೊದಲು ಮದ್ದಳೆ ಹಿಡಿಯಿರಿ, ಆಮೇಲೆ ಚೆಂಡೆ. ಮಾತಿನ ಭಾಗ ಅರ್ಥ ಆಗದ ಗೆಳೆಯರನ್ನೂ ಕರೆದುಕೊಂಡು ಹೋಗಬಹುದು, ಎಣಿಸಲು ಭಾಷೆ ಬೇಡ. ರಾತ್ರಿ 10ರ ನಂತರದ ಧ್ವನಿವರ್ಧಕದ ನಿಯಮದಿಂದ ಈಗ ಕೆಲವು ಆಟ ಕಾಲಮಿತಿಯದ್ದು, ಬೇಗ ಶುರುವಾಗಿ ಬೇಗ ಮುಗಿಯುತ್ತದೆ. ಬೆಳಗಿನವರೆಗಿನ ಆಟವಾದರೆ ಹಾಸ್ಟೆಲಿನಲ್ಲಿ ಮೊದಲೇ ಬರೆದುಕೊಡಿ, ಚಾಪೆ, ಕಂಬಳಿ ತನ್ನಿ. ಹರಕೆ ಆಟಕ್ಕೆ ಟಿಕೆಟ್ ಇಲ್ಲ.

ಪುಣೆಯವನಿಗೆ ಮೊನ್ನೆ ಈ ವಾರದ ಪಟ್ಟಿಯ ಫೋಟೋ ಕಳಿಸಿದೆ. ಕನ್ನಡ ಓದಲು ಬರದ ಅವನು ವಾಪಸ್ ಕೇಳಿದ್ದು ಒಂದೇ: ಡ್ರಮ್ಮರ್ ಯಾರು? ಶನಿವಾರ ಸಂಜೆ ಕಾರ್ಕಳ ಬಸ್ಸಿಗೆ ಬಾ, ತೋರಿಸ್ತೇನೆ ಅಂದಿದ್ದೇನೆ. ಮೂರು ಸೀಟು ಇನ್ನೂ ಉಂಟು.