ಊರಿನ ಹಂದಿ, ಸೀವುಡ್ಸ್‌ನ ಯಜಮಾನ: ಕೋವಿ ಹಿಡಿಯುವ ಮುನ್ನ ಕೆಲವು ಸೂತ್ರಗಳು

ಸೀವುಡ್ಸ್‌ನಲ್ಲಿ ಫ್ಲಾಟು, ಸುಳ್ಯದ ಕಡೆ ಅಡಿಕೆ ತೋಟ. ನವಿ ಮುಂಬಯಿಯ ನಮ್ಮ ಜನರಲ್ಲಿ ಇಂಥ ಎರಡು ಮನೆಯವರು ಬಹಳ. ರಜೆ ಸಿಕ್ಕಾಗ ಪನ್ವೇಲಿನಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋದರೆ ಅಲ್ಲಿರುವ ತಮ್ಮ ಮೊದಲು ತೋರಿಸುವುದು ಹಂದಿ ಅಗೆದು ಹಾಕಿದ ಗೆಣಸಿನ ಸಾಲು, ಬುಡಮೇಲಾದ ಬಾಳೆ. ಆ ರಾತ್ರಿಯೇ ಯಜಮಾನರಿಗೆ ಕೋವಿಯ ಕನಸು ಬೀಳುತ್ತದೆ. ಕನಸಿಗೆ ಲೈಸೆನ್ಸ್ ಬೇಡ, ಉಳಿದದ್ದಕ್ಕೆಲ್ಲ ಬೇಕು.

1. ಟೆಕ್ಸಾಸಿನ ವಿಡಿಯೋ ನೋಡಿ ಯೋಜನೆ ಹಾಕಬೇಡಿ.
ಡಲ್ಲಾಸ್‌ನಲ್ಲಿರುವ ಭಾವನ ಮಗ ಕಳಿಸುವ ವಿಡಿಯೋದಲ್ಲಿ ಹೆಲಿಕಾಪ್ಟರಿನಿಂದ ಹಂದಿಗೆ ಗುಂಡು ಹಾರಿಸುತ್ತಾರೆ. ಅಲ್ಲಿನದು ವಲಸಿಗರು ತಂದ ಸಾಕುಹಂದಿ ಕಾಡುಬಿದ್ದು ಬೆಳೆದ ಸಂತಾನ. ಖಾಸಗಿ ಜಮೀನಿನಲ್ಲಿ, ಮಾಲೀಕ ಒಪ್ಪಿದರೆ, 2019ರಿಂದ ಬೇಟೆಯ ಪರವಾನಗಿಯೂ ಬೇಡ. ನಮ್ಮದು ಇದೇ ನೆಲದ ಕಾಡುಹಂದಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಎರಡನೇ ಅನುಸೂಚಿಯಲ್ಲಿರುವ ಪ್ರಾಣಿ. ಅನುಮತಿಯಿಲ್ಲದೆ ಕೊಂದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. 'ನನ್ನ ತೋಟ, ನನ್ನ ಬೆಳೆ' ಎಂಬ ವಾದ ಇಲ್ಲಿ ನಡೆಯುವುದಿಲ್ಲ.

2. ಮೊದಲು ಕಾಗದ, ಆಮೇಲೆ ಕೋವಿ.
ಅದೇ ಕಾಯಿದೆಯ 11ನೇ ಕಲಮಿನಲ್ಲಿ ದಾರಿಯೂ ಇದೆ. ಹಂದಿ ಜೀವಕ್ಕೋ ನಿಂತ ಬೆಳೆಗೋ ಅಪಾಯವಾಗಿದೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪಾಲಕರು, ಇಲ್ಲವೇ ಅವರಿಂದ ಅಧಿಕಾರ ಪಡೆದವರು, ಕಾರಣ ನಮೂದಿಸಿ ಲಿಖಿತ ಆದೇಶ ಕೊಡಬಹುದು. ಗಡಿಯಾಚೆ ಕಾಸರಗೋಡಿನ ನೆಂಟರಿಗೆ ಇದು ಸ್ವಲ್ಪ ಹತ್ತಿರವಾಗಿದೆ: ಕೇರಳ ಸರಕಾರ 2022ರಲ್ಲಿ ಈ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರವರೆಗೆ ಇಳಿಸಿತು. ಅವರ ಕಾಗದ ಹಿಡಿದು ಈಚೆಗೆ ಬಂದು ಈಡು ಹೊಡೆದೀರಿ, ಜೋಕೆ! ಹಂದಿಗೆ ಗಡಿ ಗೊತ್ತಿಲ್ಲ, ಆದೇಶಕ್ಕೆ ಗೊತ್ತು. ಹಾನಿಯ ಫೋಟೋ, ಪಹಣಿ, ಅರಣ್ಯ ಇಲಾಖೆಗೆ ಕೊಟ್ಟ ದೂರಿನ ಪ್ರತಿ ಜೋಡಿಸಿಡಿ. ಪರಿಹಾರದ ಅರ್ಜಿಗೂ ಅವೇ ಬೇಕಾಗುತ್ತವೆ.

3. ಲೈಸೆನ್ಸ್ ತೋಟದಲ್ಲಿ ಇರುವವನ ಹೆಸರಿನಲ್ಲಿರಲಿ.
ಸೀವುಡ್ಸ್‌ನಲ್ಲಿ ಕೂತು ಸುಳ್ಯದ ಹಂದಿ ಕಾಯಲಾಗದು. ಊರಿನ ತಮ್ಮ ಅರ್ಜಿ ಹಾಕಲಿ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮು ಬೆಳೆ ರಕ್ಷಣೆಯ ಕೋವಿಯನ್ನು ಹೆಸರಿಟ್ಟೇ ಗುರುತಿಸುತ್ತದೆ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷವಾಯಿತು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕಿಳಿಯಿತು. ಅಜ್ಜನ ಕೋವಿ ಅಟ್ಟದಲ್ಲಿದ್ದರೆ ಅದನ್ನೂ ಲೆಕ್ಕಕ್ಕೆ ತನ್ನಿ. ಚುನಾವಣೆ ಘೋಷಣೆಯಾದರೆ ಠಾಣೆಯಲ್ಲಿ ಕೋವಿ ಇಡಬೇಕಾಗಿ ಬರುತ್ತದೆ. ಕರಾವಳಿ ರೈತರ ಹಳೆಯ ಸಿಟ್ಟು ಇದು, ನ್ಯಾಯವಾದದ್ದೇ. ಹಂದಿಗೆ ನೀತಿಸಂಹಿತೆ ಇಲ್ಲವಲ್ಲ.

ಕೊಡಗಿನವರ ವಿನಾಯಿತಿ ಬೇರೆ ಕಥೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅದು ಕೋವಿ ಇಟ್ಟುಕೊಳ್ಳಲು ಮಾತ್ರ, ಹಂದಿ ಹೊಡೆಯಲು ಅಲ್ಲ.

4. ಕೋವಿ ಆರಿಸುವಾಗ ಹಂದಿಯನ್ನಲ್ಲ, ನೆರೆಮನೆಯನ್ನು ನೋಡಿ.
ನನ್ನ ಮತ ಸ್ಪಷ್ಟ: ತೋಟಕ್ಕೆ 12 ಬೋರಿನ ಜೋಡಿ ನಳಿಗೆಯೇ ಸರಿ. .315 ರೈಫಲ್ ಕೈಯಲ್ಲಿ ಹಿಡಿದಾಗ ಗತ್ತು ಬರುತ್ತದೆ, ನಿಜ. ಆದರೆ ಗುರಿ ತಪ್ಪಿದ ರೈಫಲ್ ಗುಂಡು ಕಿಲೋಮೀಟರುಗಟ್ಟಲೆ ಹೋಗಬಲ್ಲದು. ತೋಟಕ್ಕೊಂದು ಮನೆ ಇರುವ ನಮ್ಮ ಊರಲ್ಲಿ, ಬೆಳಗ್ಗೆ ನಾಲ್ಕಕ್ಕೆ ರಬ್ಬರ್ ಟ್ಯಾಪಿಂಗಿಗೆ ಹೆಡ್‌ಲೈಟ್ ಕಟ್ಟಿಕೊಂಡು ಹೊರಡುವವರ ನಡುವೆ, ಅದು ಬೇಡವೇ ಬೇಡ. ಜೋಡಿ ನಳಿಗೆಯಲ್ಲಿ ದಪ್ಪ ಚರೆಯ ತೋಟೆ ಹಾಕಿದರೆ ಮೂವತ್ತು ಮೀಟರಿನೊಳಗೆ ಕೆಲಸವಾಗುತ್ತದೆ. ಆಮೇಲೆ ಚರೆ ಹರಡಿ ಬಲ ಕಳೆದುಕೊಳ್ಳುತ್ತದೆ, ಹಂದಿ ಗಾಯಗೊಂಡು ಓಡುತ್ತದೆ. ಹಕ್ಕಿ ಹೊಡೆಯುವ ಸಣ್ಣ ಚರೆಯಂತೂ ಹಂದಿಯನ್ನು ಕೆರಳಿಸಲಿಕ್ಕಷ್ಟೇ ಸಾಕು.

ಮದ್ದು ತುಂಬುವ ಒಂಟಿ ನಳಿಗೆ ಅಗ್ಗ, ಕಾಯಿದೆಯ ಕಣ್ಣಲ್ಲೂ ಬೆಳೆ ರಕ್ಷಣೆಗೆ ಹೇಳಿದ್ದೇ. ಆದರೆ ಆಟಿಯ ಮಳೆಯಲ್ಲಿ ಮದ್ದು ಥಂಡಿ ಹಿಡಿಯುತ್ತದೆ, ಮತ್ತು ಎರಡನೇ ಈಡು ಎಂಬುದಿಲ್ಲ. ಗಾಯಗೊಂಡ ಒಂಟಿ ಸಲಗ ತಿರುಗಿ ನುಗ್ಗಿದಾಗ ಆ ಎರಡನೆಯದರ ಬೆಲೆ ತಿಳಿಯುತ್ತದೆ. ಇನ್ನು ಏರ್‌ಗನ್: ಮಂಗ ಓಡಿಸಲು ಇಟ್ಟುಕೊಂಡದ್ದನ್ನು ಹಂದಿಗೆ ಹಿಡಿಯುವುದು ಹಂದಿಗೂ ಅವಮಾನ.

5. ಗಾಳಿಯ ಎದುರು ಕೂರಿ, ಅಡ್ಡಕ್ಕೆ ನಿಂತಾಗ ಹೊಡೆಯಿರಿ.
ಹಂದಿಗೆ ಕಣ್ಣು ಮಂದ, ಮೂಗು ಅಪಾರ. ಬೀಡಿ, ಪೌಡರು, ಒಡೋಮಸ್ ಎಲ್ಲವನ್ನೂ ಹಿಡಿದುಬಿಡುತ್ತದೆ. ನೆಲದಲ್ಲಿ ನಿಲ್ಲುವುದಕ್ಕಿಂತ ಅಟ್ಟಳಿಗೆ ಮೇಲು; ಗುಂಡು ಕೆಳಮುಖವಾಗಿ ಮಣ್ಣಿಗೆ ಹೋಗುತ್ತದೆ. ಬಲಿತ ಗಂಡಿನ ಭುಜದ ಮೇಲೆ ಗಟ್ಟಿ ಅಂಗಾಂಶದ ಗುರಾಣಿಯೇ ಇರುತ್ತದೆ. ಓರೆಯಾಗಿ ಓಡುವುದಕ್ಕೆ ಹೊಡೆಯಬೇಡಿ. ಬರೀ ಸದ್ದಿಗೆ ಹೊಡೆಯಲೇಬೇಡಿ: ಪೊದೆಯಲ್ಲಿ ಅಲುಗಿದ್ದು ಪಕ್ಕದ ಮನೆಯ ದನವೋ, ಅದನ್ನು ಹುಡುಕಿ ಬಂದವನೋ ಆಗಿರಬಹುದು.

6. ಸಿಡಿಮದ್ದು, ಉರುಳು, ಮೇನ್ ಲೈನಿನ ಕರೆಂಟು: ಮೂರೂ ಬೇಡ.
2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಾಯಿ ಸಿಡಿದು, ಹೊಳೆಯಲ್ಲಿ ನಿಂತೇ ಸತ್ತ ಗಬ್ಬದ ಆನೆ ನೆನಪಿದೆಯಲ್ಲ? ಹಂದಿಗೆಂದು ಹಣ್ಣು ಕಾಯಿಗಳಲ್ಲಿ ತುಂಬುವ ಮದ್ದೇ ಅದು. ಉರುಳಿಗೆ ಚಿರತೆ ಬೀಳುತ್ತದೆ. ತಂತಿಗೆ ಹಾಲು ಹಾಕಲು ಹೊರಟ ಮನುಷ್ಯ ಬೀಳುತ್ತಾನೆ.

7. ಬೇಲಿಯೂ ಬೇಟೆಯ ಲೆಕ್ಕಕ್ಕೇ ಸೇರಿದ್ದು.
ಹೆಣ್ಣುಹಂದಿ ಗಬ್ಬ ಹೊರುವುದು ನಾಲ್ಕು ತಿಂಗಳಿಗೂ ಕಡಿಮೆ, ಈಯುವುದು ನಾಲ್ಕಾರು ಮರಿ. ವರ್ಷಕ್ಕೊಂದೆರಡು ಹೊಡೆದು ಹಿಂಡು ಕರಗಿಸುತ್ತೇನೆಂಬುದು ಭ್ರಮೆ. ಮಿಡಿತದ ಕರೆಂಟಿನ ಸೋಲಾರ್ ಬೇಲಿ ಹಾಕಿ. ಕೆಳಗಿನ ತಂತಿ ಹಂದಿಯ ಮೂಗಿನ ಎತ್ತರದಲ್ಲಿರಲಿ, ಬುಡದ ಹುಲ್ಲು ಸವರುತ್ತಿರಲಿ. ಸೀವುಡ್ಸ್‌ನಿಂದ ನೀವು ನಿಜಕ್ಕೂ ಮಾಡಬಹುದಾದ ಕೆಲಸ ಇದಕ್ಕೆ ದುಡ್ಡು ಕಳಿಸುವುದು.

8. ಸಾರಿನ ಆಸೆ ಬಿಡಿ.
11ನೇ ಕಲಮಿನ ಅನುಮತಿಯಿಂದ ಹೊಡೆದ ಹಂದಿಯೂ 39ನೇ ಕಲಮಿನ ಪ್ರಕಾರ ರಾಜ್ಯ ಸರಕಾರದ ಆಸ್ತಿ. 48 ಗಂಟೆಯೊಳಗೆ ಠಾಣೆಗೋ ಅರಣ್ಯಾಧಿಕಾರಿಗೋ ವರದಿ ಮಾಡಬೇಕು. ಪಾಲು ಹಂಚುವ ಹಳೆಯ ಬೇಟೆಯ ನ್ಯಾಯ ಈಗ ಕೇಸಿನ ದಾರಿ. ಐಸ್ ಪೆಟ್ಟಿಗೆಯಲ್ಲಿ ಕಟ್ಟಿ ರಾತ್ರಿ ಬಸ್ಸಿಗೆ ಹಾಕು ಎಂದು ತಮ್ಮನಿಗೆ ವಾಟ್ಸಾಪ್ ಕಳಿಸಿದಿರೋ, ಆ ಮೆಸೇಜೇ ಇಬ್ಬರ ವಿರುದ್ಧವೂ ಮೊದಲ ಸಾಕ್ಷಿ.