ಕಾರ್ಯಾಗಾರದಲ್ಲಿ ಗಣಕಯಂತ್ರದ ರಕ್ಷಣೆ

ಸಣ್ಣ ಕೈಗಾರಿಕೆಗಳಲ್ಲಿ ಗಣಕಯಂತ್ರವೂ ಇಂದು ಲೇತ್, ಡ್ರಿಲ್ಲಿಂಗ್ ಯಂತ್ರಗಳಷ್ಟೇ ಅವಶ್ಯಕ ಉಪಕರಣವಾಗಿದೆ. ಬಿಡಿಭಾಗಗಳ ನಕ್ಷೆ, ಗ್ರಾಹಕರ ಬೇಡಿಕೆ, ಲೆಕ್ಕಪತ್ರ ಎಲ್ಲವೂ ಅದರಲ್ಲಿ ಅಡಕವಾಗಿರುತ್ತವೆ. ಅದು ಕೆಟ್ಟಾಗ ದುರಸ್ತಿಯ ವೆಚ್ಚಕ್ಕಿಂತ, ಕೆಲಸ ನಿಂತು ಉಂಟಾಗುವ ನಷ್ಟವೇ ಹಲವು ಬಾರಿ ಹೆಚ್ಚಾಗಿರುತ್ತದೆ. ಆದುದರಿಂದ ಅದನ್ನು ಧೂಳು, ತೇವ ಮತ್ತು ಚಳಿಯಿಂದ ಕಾಪಾಡುವುದು ಅತ್ಯಗತ್ಯ.

ಧೂಳು

ಯಂತ್ರವನ್ನು ತಂಪಾಗಿಡುವ ಫ್ಯಾನು ಹೊರಗಿನ ಗಾಳಿಯೊಡನೆ ಧೂಳನ್ನೂ ಒಳಗೆಳೆಯುತ್ತದೆ. ಮರದ ಹೊಟ್ಟು ಕಂಬಳಿಯಂತೆ ಕವಿದು ಶಾಖವನ್ನು ತಡೆಹಿಡಿಯುತ್ತದೆ. ಯಂತ್ರ ನಿಧಾನವಾಗುತ್ತದೆ ಅಥವಾ ತಾನಾಗಿಯೇ ನಿಲ್ಲುತ್ತದೆ. ಗ್ರೈಂಡರಿನಿಂದ ಹಾರುವ ಕಬ್ಬಿಣದ ಪುಡಿ ಇನ್ನೂ ಅಪಾಯಕಾರಿ. ಅದು ವಿದ್ಯುದ್ವಾಹಕವಾದುದರಿಂದ ಶಾರ್ಟ್ ಸರ್ಕ್ಯೂಟ್ ಆಗುವ ಸಂಭವವಿದೆ.

ಚಳಿ ಮತ್ತು ತೇವ

ದೆಹಲಿಯಂತಹ ನಗರಗಳ ಚಳಿಗಾಲದಲ್ಲಿ ರಾತ್ರಿಯ ಚಳಿಗಿಂತಲೂ ತಾಪಮಾನದ ಹಠಾತ್ ಬದಲಾವಣೆ ಹೆಚ್ಚು ಹಾನಿಕರ. 25 ಡಿಗ್ರಿ ಸೆಲ್ಸಿಯಸ್ ತಾಪವೂ ಶೇಕಡಾ 60 ಆರ್ದ್ರತೆಯೂ ಇರುವ ಗಾಳಿಯು ಸುಮಾರು 17 ಡಿಗ್ರಿಗಿಂತ ತಣ್ಣಗಿರುವ ಲೋಹವನ್ನು ಸೋಕಿದರೆ ಅದರ ಮೇಲೆ ನೀರಿನ ಹನಿಗಳು ಮೂಡುತ್ತವೆ. ಉರಿಯುವ ಗ್ಯಾಸ್ ಒಲೆಯೂ ಗಾಳಿಗೆ ನೀರಾವಿಯನ್ನು ಸೇರಿಸುತ್ತದೆ. ಮುಂಬಯಿಯ ಮಳೆಗಾಲದಲ್ಲಾದರೋ ತೇವವು ತಿಂಗಳುಗಟ್ಟಲೆ ಉಳಿದು ಲೋಹದ ಸಂಪರ್ಕಗಳನ್ನು ಸವೆಸುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಗಣಕಯಂತ್ರವನ್ನು ಗ್ರೈಂಡರು, ಗರಗಸ, ವೆಲ್ಡಿಂಗ್ ಸ್ಥಳಗಳಿಂದ ದೂರವಾಗಿ, ನೆಲದಿಂದ ಎತ್ತರದಲ್ಲಿ ಇರಿಸಬೇಕು. ಪ್ರತ್ಯೇಕ ಅಂಕಣವಿದ್ದರೆ ಉತ್ತಮ.

2. ಪೆಟ್ಟಿಗೆಯೊಳಗೆ ಇಡುವುದಾದರೆ ಗಾಳಿ ಬರುವ ಕಡೆ ಶೋಧಕವನ್ನು ಅಳವಡಿಸಿ, ಬಿಸಿಗಾಳಿ ಹೊರಹೋಗಲು ದಾರಿ ಬಿಡಬೇಕು. ಹೊದಿಕೆಯನ್ನು ತೆಗೆದ ನಂತರವೇ ಯಂತ್ರವನ್ನು ಚಾಲೂ ಮಾಡಬೇಕು.

3. ಚಳಿಯಲ್ಲಿದ್ದ ಯಂತ್ರವನ್ನು ಬೆಚ್ಚಗಿನ ಕೊಠಡಿಗೆ ತರುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಬೇಕು. ಕೆಲವು ಗಂಟೆಗಳ ಕಾಲ ಹಾಗೆಯೇ ಬಿಟ್ಟು, ಅದು ಕೊಠಡಿಯ ತಾಪಕ್ಕೆ ಬಂದ ಮೇಲೆ ಬಳಸಬೇಕು.

4. ಮಳೆಗಾಲದಲ್ಲಿ ಬಳಕೆಯಿಲ್ಲದಿದ್ದರೂ ಆಗಾಗ ಸ್ವಲ್ಪ ಹೊತ್ತು ಚಾಲೂ ಮಾಡಿದರೆ ಒಳಗಿನ ಶಾಖದಿಂದ ತೇವ ಆರುತ್ತದೆ. ಮುಚ್ಚಿಡುವ ಯಂತ್ರದ ಬಳಿ ಸಿಲಿಕಾ ಜೆಲ್ ಪೊಟ್ಟಣವನ್ನು ಇರಿಸಿ, ಅದು ತೇವ ಹೀರಿಕೊಂಡ ಮೇಲೆ ಬದಲಾಯಿಸಬೇಕು.

5. ಸ್ವಚ್ಛಗೊಳಿಸುವ ಮೊದಲು ವಿದ್ಯುತ್ ಸಂಪರ್ಕವನ್ನು ತಪ್ಪಿಸಿ ಮೃದುವಾದ ಕುಂಚವನ್ನು ಬಳಸಬೇಕು. ಕಾರ್ಯಾಗಾರದ ಕಂಪ್ರೆಸರಿನ ಗಾಳಿಯಲ್ಲಿ ನೀರು ಮತ್ತು ಎಣ್ಣೆಯ ಅಂಶಗಳಿರಬಹುದಾದುದರಿಂದ ಅದನ್ನು ನೇರವಾಗಿ ಬಿಡಬಾರದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಯಂತ್ರ ಕೆಡುವುದಿಲ್ಲವೆಂಬ ಭರವಸೆಯಿಲ್ಲ. ಮುಖ್ಯವಾದ ನಕ್ಷೆ ಮತ್ತು ಲೆಕ್ಕಗಳ ಒಂದು ಪ್ರತಿಯನ್ನು ಕಾರ್ಯಾಗಾರದ ಹೊರಗೆ ಕಾಯ್ದಿರಿಸಬೇಕು. ಯಂತ್ರವನ್ನು ಮತ್ತೆ ಕೊಳ್ಳಬಹುದು; ವರ್ಷಗಳ ದುಡಿಮೆಯ ದಾಖಲೆಯನ್ನು ಕೊಳ್ಳಲಾಗದು.